ಕೋಡಿ ಬೀಳುವ ಮೊದಲು

ಹೊಟ್ಟೆಪಾಡಿಗೆ ನಾನು ಕೆಸರು ನೋಡುತ್ತೇನೆ. ಸಮುದ್ರದ ತಳಕ್ಕೆ ಕೊಳವೆ ಇಳಿಸಿ ಎತ್ತಿ ತಂದ ಕೆಸರು. ಅದನ್ನು ಜರಡಿಯಲ್ಲಿ ತೊಳೆದು, ಒಣಗಿಸಿ, ಉಳಿದ ಪುಡಿಯನ್ನು ಕಪ್ಪು ತಟ್ಟೆಯ ಮೇಲೆ ಹರವಿಕೊಂಡು, ಒದ್ದೆ ಕುಂಚದ ತುದಿಯಿಂದ ಅದರೊಳಗಿನ ಚಿಪ್ಪುಗಳನ್ನು ಒಂದೊಂದಾಗಿ ಎತ್ತಿಡಬೇಕು. ಚಿಪ್ಪು ಎಂದರೆ ಕಡಲ ದಂಡೆಯಲ್ಲಿ ಮಕ್ಕಳು ಆರಿಸುವಂಥದ್ದಲ್ಲ. ಬರಿಗಣ್ಣಿಗೆ ಇವು ಬರೀ ಧೂಳು. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಂದೊಂದಕ್ಕೂ ಒಂದೊಂದು ಆಕಾರ. ಲಕ್ಷಾಂತರ ವರ್ಷಗಳ ಹಿಂದೆ ಸಮುದ್ರದಲ್ಲಿ ತೇಲಿಕೊಂಡಿದ್ದ ಜೀವಿಗಳು ಕಟ್ಟಿಕೊಂಡ ಮನೆಗಳು ಅವು. ಆಗ ನೀರು ಎಷ್ಟು ಬೆಚ್ಚಗಿತ್ತು ಎಂಬುದರ ಗುರುತು ಆ ಚಿಪ್ಪಿನ ಸುಣ್ಣದಲ್ಲಿ ಉಳಿದಿರುತ್ತದೆ. ಅದನ್ನು ಓದುವ ಯಂತ್ರ ಹೆಬ್ಬಾಳದ ಫ್ಲೈಓವರ್ ದಾಟಿದರೆ ಸಿಗುವ ನಮ್ಮ ಪ್ರಯೋಗಾಲಯದಲ್ಲಿದೆ. ಅದರ ಮುಂದೆಯೇ ನನ್ನ ತಲೆ ನೆರೆಯಿತು.

ಯಾವುದಾದರೂ ಮದುವೆಗೆ ಹೋದರೆ ಊಟದ ಪಂಕ್ತಿಯಲ್ಲಿ ಪಕ್ಕದವರು ಕೇಳುತ್ತಾರೆ. “ಏನ್ ಮೇಡಂ, ಭೂಮಿ ಇನ್ನೆಷ್ಟ್ ದಿನ ಇರುತ್ತೆ?” ಕೋಸಂಬರಿ ತಿನ್ನುತ್ತಾ ಕೇಳುವ ಪ್ರಶ್ನೆಯೇ ಇದು? “ಭೂಮಿ ಇರುತ್ತೆ ಕಣ್ರೀ. ನಿಮ್ ಸೈಟ್ ಇರುತ್ತಾ ನೋಡ್ಕೊಳ್ಳಿ” ಎಂದುಬಿಡುತ್ತೇನೆ. ಆಮೇಲೆ ಅವರು ಮಾತಾಡುವುದಿಲ್ಲ, ನನಗೂ ನೆಮ್ಮದಿಯಾಗಿ ಊಟವಾಗುತ್ತದೆ.

ಅವರ ತಪ್ಪೂ ಅಲ್ಲ. ಸುಮಾರು ಮೂವತ್ತು ಲಕ್ಷ ವರ್ಷಗಳ ಹಿಂದೆ ಗಾಳಿಯಲ್ಲಿ ಇಂಗಾಲ ಹೆಚ್ಚುಕಡಿಮೆ ಈಗಿನಷ್ಟೇ ಇತ್ತು. ಭೂಮಿ ಈಗಿನದಕ್ಕಿಂತ ಬಿಸಿಯಾಗಿತ್ತು, ಸಮುದ್ರ ಎಷ್ಟೋ ಮೀಟರು ಮೇಲಿತ್ತು. ಅದಕ್ಕೂ ಬಹಳ ಹಿಂದೆ, ಐದೂವರೆ ಕೋಟಿ ವರ್ಷಗಳಾಚೆ, ಇಂಗಾಲ ಒಮ್ಮೆಲೇ ಗಾಳಿಗೆ ಸೇರಿ ಭೂಮಿ ಕಾದುಹೋಗಿತ್ತು. ಒಮ್ಮೆಲೇ ಎಂದರೆ ಸಾವಿರಾರು ವರ್ಷಗಳಲ್ಲಿ. ಈಗ ನಾವು ಅದಕ್ಕಿಂತ ಎಷ್ಟೋ ವೇಗವಾಗಿ ಆ ಕೆಲಸ ಮಾಡುತ್ತಿದ್ದೇವೆ. ಇದನ್ನು ಕೇಳಿದ ಯಾರಿಗಾದರೂ, ಹಾಗಾದರೆ ಆ ಕಾಲವನ್ನು ನೋಡಿ ನಾಳೆ ಏನಾಗುತ್ತದೆಂದು ಹೇಳಿಬಿಡಿ, ಅನ್ನಿಸುವುದು ಸಹಜ. ಹೇಳಬಹುದು. ಆದರೆ ಅವರು ಅಂದುಕೊಂಡ ಹಾಗಲ್ಲ. ಅದನ್ನು ನಾನು ಸರಿಯಾಗಿ ಬಾಯಿಬಿಟ್ಟು ಹೇಳಿದ್ದು ಒಬ್ಬಳಿಗೇ, ಅದೂ ಜಗಳವಾಡಿದ ಮೇಲೆ. ಅವಳು ನನ್ನ ಅಕ್ಕ.

ಅಕ್ಕನ ಮನೆ ಯಲಹಂಕದ ಈಚೆ, ನಮ್ಮೂರ ಕೆರೆ ಏರಿಯ ಕೆಳಗೆ. ಮೊದಲು ಅಲ್ಲಿ ಗದ್ದೆಯಿತ್ತು. ಈಗ ಅದರ ಮೇಲೆ ಅಕ್ಕನ ಕಟ್ಟಡ ನಿಂತಿದೆ. ಮೇಲಿನ ಮಹಡಿಗಳಲ್ಲಿ ಬಾಡಿಗೆಯವರು, ನೆಲಮಹಡಿಯಲ್ಲಿ ಅಕ್ಕ ಮತ್ತು ಭಾವ. ಭಾವನಿಗೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿದೆ. ಮಾತು ಎಂದರೆ ದಿನಕ್ಕೆ ಒಂದೋ ಎರಡೋ ಪದ, ಅದೂ ಮನಸ್ಸು ಬಂದರೆ. ಮುಂದಿನ ಕೋಣೆಯ ಕಿಟಕಿಗೆ ತಾಗಿಸಿ ಅವರ ಮಂಚ ಹಾಕಿದೆ. ಅಲ್ಲಿಂದ ಏರಿ ಕಾಣುತ್ತದೆ. ಮಹಡಿಗೆ ಕರೆದುಕೊಂಡು ಹೋಗೋಣವೆಂದರೆ ಲಿಫ್ಟ್ ಇಲ್ಲ, ಮೆಟ್ಟಿಲು ಇಕ್ಕಟ್ಟು, ತಿರುವಿನಲ್ಲಿ ಮಂಚ ತಿರುಗುವುದಿಲ್ಲ.

ನಮ್ಮಪ್ಪ ಆ ಕೆರೆಯ ನೀರಗಂಟಿ. ಏರಿಯ ಕೆಳಗಿನ ತೂಬನ್ನು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ನೀರು ಹೋಗಬೇಕು ಎಂದು ನೋಡಿಕೊಳ್ಳುವವನು. ಅಪ್ಪನದು ಒಂದೇ ಕಟ್ಟಳೆ. ಕೆರೆ ತುಂಬಿ, ಹೆಚ್ಚಾದ ನೀರು ಕೋಡಿಯ ಕಲ್ಲುಗಳ ಮೇಲೆ ಹರಿಯುವ ತನಕ, ಅಂದರೆ ಕೋಡಿ ಬೀಳುವ ತನಕ, ತೂಬು ಎತ್ತುವ ಹಾಗಿಲ್ಲ. ಊರ ದೊಡ್ಡವರು ಬಂದು ಬಾಗಿಲಲ್ಲಿ ನಿಂತು, “ಒಂಚೂರು ಎತ್ತಪ್ಪ, ಪೈರು ಬಾಡ್ತಾ ಐತೆ” ಎಂದು ಗೋಗರೆದರೂ ಅಪ್ಪ ಎಲೆಯಡಿಕೆ ಹಾಕಿಕೊಂಡು ಕೂತುಬಿಡುತ್ತಿದ್ದ. ಯಾರಿಗೂ ಸೊಪ್ಪು ಹಾಕುತ್ತಿರಲಿಲ್ಲ.

ಕೋಡಿ ಬಿದ್ದ ದಿನ ಮನೆಯಲ್ಲಿ ಯಾರೂ ಹೇಳಬೇಕಾಗಿರಲಿಲ್ಲ. ಕಲ್ಲುಗಳ ಮೇಲೆ ನೀರು ಬೀಳುವ ಸದ್ದು ಹಾಸಿಗೆಗೇ ಬರುತ್ತಿತ್ತು. ಅವ್ವ ಎದ್ದು ಮೊರ ತೊಳೆದು ಬಾಗಿನ ಸಿದ್ಧಮಾಡುತ್ತಿದ್ದಳು. ಅರಿಶಿನ, ಕುಂಕುಮ, ಬಳೆ, ಅಕ್ಕಿ, ಬೇಳೆ, ಒಂದಚ್ಚು ಬೆಲ್ಲ. ಊರ ಹೆಂಗಸರೆಲ್ಲ ಏರಿಯ ಮೇಲೆ ಸೇರಿದ ಮೇಲೆ ಮೊದಲ ಬಾಗಿನ ನೀರಗಂಟಿ ಮನೆಯದು. ಅದು ನೀರಿಗೆ ಬಿದ್ದ ಮೇಲೆಯೇ ಅಪ್ಪ ಹೋಗಿ ತೂಬು ಎತ್ತುತ್ತಿದ್ದ. ಗದ್ದೆ ಹೋದವು, ಅಪ್ಪ ಅವ್ವ ಹೋದರು. ಮೊದಲ ಬಾಗಿನದ ಹಕ್ಕು ಮಾತ್ರ ನಮ್ಮ ಮನೆಗೇ ಉಳಿಯಿತು, ಅಂದರೆ ಅಕ್ಕನಿಗೆ.

ಆಮೇಲೆ ಕೆರೆಗೆ ಊರಿನ ಕೊಳಚೆ ನೀರನ್ನು ಶುದ್ಧಮಾಡಿ ಬಿಡಲು ಶುರುಮಾಡಿದರು. ಸುತ್ತ ಬೇಲಿ ಬಂತು, ನಡೆಯುವ ದಾರಿ ಬಂತು, ತೂಬಿಗೆ ಕಬ್ಬಿಣದ ಗೇಟು ಬಂತು. ಬೇಸಿಗೆ ಮಳೆಗಾಲ ಎನ್ನದೆ ಕೆರೆ ತುಳುಕುತ್ತಿತ್ತು. ಮೊದಲ ವರ್ಷ ಅಕ್ಕನಿಗೆ ಹಿಡಿಸಲಾರದಷ್ಟು ಸಂತೋಷ. ಬೀದಿಯ ಹೆಂಗಸರನ್ನೆಲ್ಲ ಕರೆದು, ಬಾಡಿಗೆಯವರಿಗೂ ಬಳೆ ಕೊಟ್ಟು, ಜೋರಾಗಿ ಬಾಗಿನ ಬಿಟ್ಟಳು. ಮರುವರ್ಷ ನನಗೆ ಫೋನ್ ಮಾಡಿದಳು.

“ಅಲ್ಲ ಕಣೇ, ದಿನಾ ಕೋಡಿ ಬೀಳ್ತಾ ಐತೆ. ಬಾಗಿನ ಯಾವತ್ತು ಬಿಡೋದು?”

ನಾನು ನಕ್ಕೆ. ಗೌರಿ ಹಬ್ಬದ ದಿನ ಬಿಟ್ಟುಬಿಡು ಎಂದೆ. ಅವಳು ಹಾಗೇ ಮಾಡಿದಳು. ಆದರೆ ಆ ಪ್ರಶ್ನೆ ಕೆಲಸದ ಮೇಜಿನವರೆಗೂ ನನ್ನ ಜೊತೆ ಬಂತು. ನಮ್ಮ ಚಿಪ್ಪುಗಳೂ ಇದೇ ಆಟ ಆಡಿಸಿವೆ. ಬೆಚ್ಚನೆಯ ಮೇಲ್ನೀರಿನಲ್ಲಿ ಹುಟ್ಟಿದ ಚಿಪ್ಪು ಸತ್ತು ತಳಕ್ಕೆ ಬಿದ್ದಾಗ, ಅಲ್ಲಿನ ತಣ್ಣನೆ ನೀರಿನ ಸುಣ್ಣ ಅದರ ಮೇಲೆ ಕೂತುಬಿಡುತ್ತದೆ. ಅದನ್ನು ನಂಬಿಕೊಂಡು, ಆ ಬಿಸಿ ಕಾಲಗಳಲ್ಲಿ ಉಷ್ಣವಲಯದ ಸಮುದ್ರ ಅಂಥ ಬಿಸಿಯೇನೂ ಆಗಿರಲಿಲ್ಲ ಎಂದು ನಮ್ಮ ಮಂದಿ ಬಹಳ ವರ್ಷ ಅಂದುಕೊಂಡಿದ್ದರು. ಗುರುತು ಇತ್ತು, ಆದರೆ ಅದು ಬೇರೆ ಯಾವುದರದೋ ಗುರುತಾಗಿತ್ತು. ನಮ್ಮ ಕೋಡಿಯೂ ಹಾಗೇ ಆಗಿತ್ತು. ಅದು ಬಿದ್ದರೆ ಮಳೆ ಬಂತೆಂದು ಅರ್ಥವಿರಲಿಲ್ಲ. ಊರಿನವರು ಸ್ನಾನ ಮಾಡಿದರೆಂದು ಅರ್ಥ, ಅಷ್ಟೇ.

ಹೀಗಿರುವಾಗ ಒಂದು ಸಂಜೆ ಮಳೆ ಬಂತು. ನಾನು ಹೆಬ್ಬಾಳದಲ್ಲಿ ಬಸ್ಸಿನೊಳಗೆ ಸಿಕ್ಕಿಹಾಕಿಕೊಂಡಿದ್ದೆ. ಕಿಟಕಿಯಾಚೆ ಏನೂ ಕಾಣುತ್ತಿರಲಿಲ್ಲ. ಅಕ್ಕನ ಫೋನ್ ಎರಡು ಸಲ ಬಂದು ಕಟ್ಟಾಯಿತು. ನೀರಿನಲ್ಲಿ ಕಾಲೆಳೆದುಕೊಂಡು ಅವಳ ಮನೆ ಸೇರಿದಾಗ ಮುಂದಿನ ಕೋಣೆಯಲ್ಲಿ ಚಪ್ಪಲಿಗಳು ತೇಲುತ್ತಿದ್ದವು. ಮೇಲಿನ ಮಹಡಿಯವರು ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು. ಆದರೂ ನೀರು ಹಲಗೆಯ ಅಂಚಿಗೆ ಬಂದಿತ್ತು. ಅಕ್ಕ ಭಾವನ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಮಂಚದಲ್ಲಿ ಕೂತಿದ್ದಳು. ಭಾವ ಅಳುತ್ತಿದ್ದರು. ಅವರ ಮುಖದಲ್ಲಿ ಒಂದೇ ಕಡೆ ಅಳು ಕಾಣುತ್ತದೆ. ನನಗೆ ನಿಜವಾಗಿ ಭಯವಾಯಿತು. ಇನ್ನೊಂದು ಗೇಣು ಏರಿದ್ದರೆ ಆ ಮನುಷ್ಯನನ್ನು ಎಲ್ಲಿಗೆ ಎತ್ತಿಕೊಂಡು ಹೋಗುತ್ತಿದ್ದೆವೋ ನನಗೆ ಈಗಲೂ ಗೊತ್ತಿಲ್ಲ.

ಮಾರನೇ ದಿನ ಕೆಸರು ಬಳಿಯುತ್ತಾ ಅಕ್ಕ ಹೇಳಿದಳು. “ಚರಂಡಿ ಕಟ್ಕೊಂಡಿತ್ತು ಕಣೇ. ಕೆರೆ ಏನೂ ಮಾಡಿಲ್ಲ.”

ಚರಂಡಿಯೂ ಕಟ್ಟಿಕೊಂಡಿತ್ತು. ಮಳೆನೀರು ಹರಿಯಬೇಕಾದ ರಾಜಕಾಲುವೆ ನಮ್ಮ ಕಡೆ ಹೆಸರಿಗೆ ಮಾತ್ರ ರಾಜ, ಎರಡು ಕಡೆಯ ಕಾಂಪೌಂಡುಗಳ ನಡುವೆ ಮುದುಡಿಕೊಂಡು ಹರಿಯುತ್ತದೆ. ಆದರೆ ಅದೊಂದೇ ಅಲ್ಲ. ಅಪ್ಪನ ಕಾಲದಲ್ಲಿ ಮಳೆ ಶುರುವಾಗುವ ಹೊತ್ತಿಗೆ ಕೆರೆ ಬರಿದಾಗಿರುತ್ತಿತ್ತು. ಎಂಥ ಮಳೆ ಬಂದರೂ ಮೊದಲು ಅದು ನುಂಗಿಕೊಳ್ಳುತ್ತಿತ್ತು. ಈಗ ಕಂಠಮಟ್ಟ ತುಂಬಿರುವ ಕೆರೆಗೆ ಒಂದು ಲೋಟ ಹೆಚ್ಚಾದರೂ ಅದು ನೇರ ಕೋಡಿ ದಾಟಿ ಬೀದಿಗೆ. ಬೇಸಿಗೆಯಲ್ಲೇ ತೂಬು ಎತ್ತಿ ಕೆರೆಯನ್ನು ಸ್ವಲ್ಪ ಇಳಿಸಿಟ್ಟರೆ ಮಳೆಗೆ ಜಾಗವಿರುತ್ತದೆ. ಇದನ್ನು ಹೇಳಲು ಸಂಬಂಧಪಟ್ಟ ಕಚೇರಿಗೆ ಹೋದೆ. ಅಲ್ಲಿನ ಎಂಜಿನಿಯರ್ ಸಜ್ಜನ.

“ಮಾಡಬಹುದು ಮೇಡಂ. ಆದ್ರೆ ಹೋದ ಸಲ ಗೇಟ್ ಮುಟ್ಟಿದ್ದಕ್ಕೆ ಊರೋರು ದೊಡ್ಡ ಗಲಾಟೆ ಮಾಡಿದ್ರು. ನೀರಗಂಟಿ ಮನೆಯೋರು ಪೂಜೆ ಮಾಡಿ ಒಪ್ಪಿಗೆ ಕೊಟ್ರೆ ನಮ್ಮದೇನೂ ಅಡ್ಡಿಯಿಲ್ಲ.”

“ನೀರಗಂಟಿ ಮನೆಯೋಳು ನಾನೇ ಕಣ್ರೀ.”

“ಹೌದು ಮೇಡಂ. ಆದ್ರೆ ನಿಮ್ಮ ಅಕ್ಕ ಇದಾರಲ್ಲ” ಎಂದರು. ಸೂಕ್ಷ್ಮದರ್ಶಕಕ್ಕೂ ಬಾಗಿನದ ಮೊರಕ್ಕೂ ನಡುವೆ ಊರು ಯಾವುದನ್ನು ಆರಿಸುತ್ತದೆಂದು ಆತನಿಗೆ ಚೆನ್ನಾಗಿ ಗೊತ್ತಿತ್ತು.

ಅಕ್ಕನಿಗೆ ಹೇಳಿದೆ. ಅವಳು ಭಾವನಿಗೆ ಗಂಜಿ ಕುಡಿಸುತ್ತಿದ್ದಳು. ಚಮಚ ನಿಲ್ಲಲಿಲ್ಲ.

“ಮಳೆಗಾಲಕ್ಕೆ ಮುಂಚೆ ತೂಬು ಎತ್ತೋದಾ? ಅಪ್ಪ ಯಾವತ್ತಾದ್ರೂ ಎತ್ತಿದ್ದು ನೋಡಿದ್ಯಾ ನೀನು?”

“ಅಪ್ಪನ ಕಾಲದ ಮಳೆ ಅಲ್ಲ ಅಕ್ಕ ಇದು.”

“ಮಳೆ ಮಳೇನೇ. ತುಂಬಿದ ಕೆರೆ ಬರಿದು ಮಾಡಿದ್ರೆ ಊರು ನನ್ ಮುಖಕ್ಕೆ ಉಗಿಯುತ್ತೆ. ನೀರಗಂಟಿ ಮಗಳು ನಾನು.”

“ಮಗಳು ಅನ್ನಿಸ್ಕೊಳ್ಳೋಕೆ ಭಾವನ್ನ ಮುಳುಗಿಸ್ತೀಯಾ?” ಎಂದುಬಿಟ್ಟೆ. ಸಿಟ್ಟು ಬಂದರೆ ನನ್ನ ಬಾಯಿಗೆ ಬೀಗವಿಲ್ಲ.

ಅಕ್ಕ ಬಟ್ಟಲು ಕೆಳಗಿಟ್ಟಳು. “ಮೂವತ್ತು ಲಕ್ಷ ವರ್ಷದ ಹಿಂದಿನ ಕೆಸರು ಹೇಳೋದು ನಂಬ್ತೀಯ. ನಿನ್ನ ಹೆತ್ತ ಅಪ್ಪ ಹೇಳಿದ್ದು ನಂಬಲ್ವಾ?”

ಕಾಫಿ ಕುಡಿಯದೆ ಎದ್ದು ಬಂದೆ. ಬಸ್ಸಿನಲ್ಲಿ ಅವಳನ್ನೂ, ಅಪ್ಪನನ್ನೂ, ಕಚೇರಿಯ ಎಂಜಿನಿಯರನ್ನೂ ಮನಸ್ಸಿನಲ್ಲೇ ಬೈದುಕೊಂಡೆ. ಆದರೆ ಅವಳ ಪ್ರಶ್ನೆಯಲ್ಲಿ ತೂಕವಿತ್ತು. ಎರಡೂ ಹಳೆಯ ಕಾಲದ ಮಾತೇ. ಒಂದನ್ನು ತಲೆ ಮೇಲೆ ಹೊತ್ತು ಇನ್ನೊಂದನ್ನು ಗಾಳಿಗೆ ತೂರುವುದಾದರೆ ಕಾರಣ ಹೇಳಬೇಕಲ್ಲ.

ಕೆಲವು ವಾರ ಮಾತಿಲ್ಲ. ಆಮೇಲೆ ಒಂದು ಶನಿವಾರ ಅವಳೇ ಫೋನ್ ಮಾಡಿದಳು. “ಅದೇನ್ ಕೆಸರು, ತೋರ್ಸು. ಬತ್ತೀನಿ.” ಭಾವನನ್ನು ಬಾಡಿಗೆಯವರ ಕೈಗೆ ಒಪ್ಪಿಸಿ, ಇಳಕಲ್ ಸೀರೆಯುಟ್ಟು, ಆಟೋದಲ್ಲಿ ಬಂದಿಳಿದಳು. ನಾನು ಅಲ್ಲಿ ಇಷ್ಟು ವರ್ಷ ಕೆಲಸ ಮಾಡಿದರೂ ಅವಳು ಒಳಗೆ ಬಂದದ್ದು ಅದೇ ಮೊದಲು. ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಬೇಡ ಅಂದರೂ ಕೇಳಲಿಲ್ಲ.

ಸೂಕ್ಷ್ಮದರ್ಶಕಕ್ಕೆ ಕಣ್ಣಿಡಿಸಿದೆ. ಸುಮಾರು ಹೊತ್ತು ನೋಡಿದಳು.

“ಅಯ್ಯೋ, ಸಬ್ಬಕ್ಕಿ ಇದ್ದಂಗವೆ.”

“ಇವು ಬದುಕಿದ್ದಾಗ ಮನುಷ್ಯರೇ ಇರ್ಲಿಲ್ಲ ಅಕ್ಕ.”

“ಮನುಷ್ಯರೇ ಇಲ್ದಿದ್ ಮೇಲೆ ಮಳೆ ಯಾರಿಗ್ ಬತ್ತಿತ್ತು?”

ನಾನು ಇಷ್ಟು ವರ್ಷ ಹಳೆಯ ಮಳೆಯ ಬಗ್ಗೆ ಓದಿದ್ದೇನೆ, ಬರೆದಿದ್ದೇನೆ. ಯಾರಿಗೆ ಎಂದು ಯಾರೂ ಕೇಳಿರಲಿಲ್ಲ. ಹೇಗೆ ಬರುತ್ತಿತ್ತು ಎಂದು ಹೇಳುತ್ತೇನೆ ಅಂದೆ. ಐದೂವರೆ ಕೋಟಿ ವರ್ಷಗಳಾಚೆಯ ಆ ಬಿಸಿ ಕಾಲದಲ್ಲಿ ಕೆಲವು ಕಡೆ ನದಿಗಳ ಪಾತ್ರ ಇದ್ದಕ್ಕಿದ್ದಂತೆ ಅಗಲವಾಗಿದೆ, ಮೊದಲು ಮರಳು ಇದ್ದಲ್ಲಿ ದಪ್ಪ ದಪ್ಪ ಕಲ್ಲು ಬಂದು ಬಿದ್ದಿವೆ. ಸಣ್ಣಗೆ ದಿನವಿಡೀ ಸುರಿಯುವ ಮಳೆ ಕಲ್ಲು ಉರುಳಿಸುವುದಿಲ್ಲ. ಅದೇ ಜಾಗಗಳ ಮಣ್ಣು, ಉಳಿದ ದಿನಗಳಲ್ಲಿ ನೆಲ ಒಣಗಿತ್ತೆಂದೂ ಹೇಳುತ್ತದೆ. ಅಂದರೆ ಬಹಳ ದಿನ ಸುಮ್ಮನಿದ್ದು, ಬಂದಾಗ ಎಲ್ಲ ಒಟ್ಟಿಗೆ ಸುರಿದುಬಿಡುತ್ತಿತ್ತು.

“ಅಂಗಾದ್ರೆ ಈಗ್ಲೂ ಅದೇ ತರ ಆಗುತ್ತೇನೇ?”

“ಅದೇ ತರ ಅಲ್ಲ. ಎಲ್ಲರೂ ಎಡವೋದು ಅಲ್ಲೇ. ಆಗ ಬೆಟ್ಟ ಬೇರೆ ಕಡೆ ಇತ್ತು, ಸಮುದ್ರದ ದಾರಿ ಬೇರೆ ಇತ್ತು. ಆಗಿನ ಅಳತೆ ತಂದು ಇಲ್ಲಿಟ್ರೆ ಹೊಂದಲ್ಲ. ಗಾಳಿ ಬಿಸಿಯಾದ್ರೆ ಜಾಸ್ತಿ ನೀರು ಹೊರುತ್ತೆ, ಸುರಿದ್ರೆ ಒಟ್ಟಿಗೆ ಸುರಿಯುತ್ತೆ. ಇದು ಮಾತ್ರ ಆಗ್ಲೂ ಅಷ್ಟೇ, ಈಗ್ಲೂ ಅಷ್ಟೇ. ಹಳೇದ್ರಲ್ಲಿ ಯಾಕೆ ಹಂಗಾಯ್ತು ಅನ್ನೋದನ್ನ ತಗೋಬೇಕು. ಎಷ್ಟಾಯ್ತು ಅನ್ನೋದನ್ನಲ್ಲ.”

ಅಕ್ಕ ಮತ್ತೆ ಕಣ್ಣಿಟ್ಟು ನೋಡಿದಳು. ನೋಡುತ್ತಲೇ ಕೇಳಿದಳು.

“ಅಪ್ಪ ಯಾಕೆ ತೂಬು ಎತ್ತುತಿರ್ಲಿಲ್ಲ?”

“ಮಳೆ ನಂಬೋ ಹಾಗಿರ್ಲಿಲ್ಲ. ಕೆಳಗಿನ ಗದ್ದೆಗೆ ಆಮೇಲೆ ನೀರು ಸಾಲದೆ ಹೋದ್ರೆ ಅಂತ.”

“ಕೆಳಗಿನೋರಿಗೋಸ್ಕರ.”

“ಹೂಂ.”

ತಲೆಯೆತ್ತಿ, ಕನ್ನಡಕ ಸೆರಗಿನಲ್ಲಿ ಒರೆಸಿಕೊಂಡಳು. “ಈಗ ಕೆಳಗೆ ಗದ್ದೆ ಎಲ್ಲೈತೆ? ಕೆಳಗೆ ಮಲಗಿರೋದು ನಿಮ್ ಭಾವ.”

ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಒಪ್ಪಿದೆ ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ಎಂಜಿನಿಯರ್‌ಗೆ ಆ ಸೋಮವಾರವೇ ಅವಳೇ ಹೇಳಿಕಳಿಸಿದ್ದಳೆಂದು ನನಗೆ ಆಮೇಲೆ ಗೊತ್ತಾಯಿತು.

ಮೇ ತಿಂಗಳ ಒಂದು ಬೆಳಿಗ್ಗೆ ತೂಬು ಎತ್ತಿದರು. ಶುದ್ಧಮಾಡಿದ ನೀರಿನ ಕೊಳವೆಯನ್ನು ಕೆಲವು ತಿಂಗಳ ಮಟ್ಟಿಗೆ ಮುಂದಿನ ಕೆರೆಗೆ ತಿರುಗಿಸಿದರು. ಅಕ್ಕ ಗೇಟಿನ ಕಬ್ಬಿಣಕ್ಕೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ತೆಂಗಿನಕಾಯಿ ಒಡೆದಳು. ಆಮೇಲೆ ಆ ಗೇಟಿಗೆ ಹಣೆ ತಾಗಿಸಿ, “ಹೊಟ್ಟೆಗೆ ಹಾಕ್ಕೊಳಪ್ಪ” ಎಂದಳು. ಅಪ್ಪನಿಗೋ ಕೆರೆಗೋ ನಾನು ಕೇಳಲಿಲ್ಲ. ಅವಳ ಕಣ್ಣು ತುಂಬಿತ್ತು. ಕಚೇರಿಯ ಆಳು ಚಕ್ರ ತಿರುಗಿಸಿದ.

ಕೆರೆ ಒಂದಾಳುದ್ದ ಇಳಿದ ಮೇಲೆ ತೂಬು ಮತ್ತೆ ಮುಚ್ಚಿದರು. ಅಂಚಿನಲ್ಲಿ ಕರಿ ಕೆಸರು ಕಾಣಿಸಿಕೊಂಡು ನಾತ ಹೊಡೆಯಿತು. ಬೆಳಗಿನ ನಡಿಗೆಯವರು ಮೂಗು ಮುಚ್ಚಿಕೊಂಡು, ಹಕ್ಕಿಗಳು ಹೋದವು ಎಂದು ಗೊಣಗಿದರು. ಊರವರದು ಗೊಣಗಾಟವಲ್ಲ, ನೇರ ಮಾತು. ನೀರಗಂಟಿ ಮಗಳೇ ಕೆರೆ ಬರಿದು ಮಾಡಿದಳು ಎಂದು ಅಂಗಡಿ ಕಟ್ಟೆಯಲ್ಲಿ ಆಡಿಕೊಂಡರು. ನಮ್ಮ ಸೋದರತ್ತೆಯ ಸೊಸೆ ಅಕ್ಕನನ್ನು ಕಂಡು ರಸ್ತೆಯ ಆ ಬದಿಗೆ ದಾಟಿದಳಂತೆ. ಜೂನ್ ಬರೀ ಮೋಡದಲ್ಲಿ ಕಳೆಯಿತು. ಜುಲೈಯಲ್ಲೂ ನಾಲ್ಕು ಹನಿ. ನಾನು ದಿನಾ ಆಕಾಶ ನೋಡುತ್ತಿದ್ದೆ. ಮಳೆ ಕೈಕೊಟ್ಟರೆ ಅಕ್ಕ ಆ ಊರಲ್ಲಿ ತಲೆಯೆತ್ತಿ ತಿರುಗುವ ಹಾಗಿರಲಿಲ್ಲ. ಮೂವತ್ತು ಲಕ್ಷ ವರ್ಷದ ಕೆಸರು ಈ ವರ್ಷದ ಜುಲೈ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ಅಕ್ಕ ಮಾತ್ರ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಗಸ್ಟಿನಲ್ಲಿ ಬಂತು. ಆ ಸಂಜೆ ನಾನು ಅಕ್ಕನ ಮನೆಯಲ್ಲೇ ಇದ್ದೆ. ಅದೇ ತರ, ಆಕಾಶ ಹರಿದ ಹಾಗೆ. ಕರೆಂಟು ಹೋಯಿತು. ಅಕ್ಕ ಇಟ್ಟಿಗೆಗಳನ್ನು ಮಂಚದ ಪಕ್ಕಕ್ಕೆ ತಂದಿಟ್ಟುಕೊಂಡಳು. ನಾವಿಬ್ಬರೂ ಬಾಗಿಲಲ್ಲಿ ನಿಂತು ಬೀದಿ ನೋಡಿದೆವು. ನೀರು ಮೊದಲ ಮೆಟ್ಟಿಲಿಗೆ ಬಂತು, ಅಲ್ಲೇ ಸ್ವಲ್ಪ ಹೊತ್ತು ಆಡಿತು, ಇಳಿಯಿತು. ಕೆರೆ ಉಳಿದದ್ದನ್ನು ನುಂಗಿಕೊಂಡಿತ್ತು. ಕೋಡಿ ಬೀಳಲಿಲ್ಲ. ಏನೂ ಆಗಲಿಲ್ಲ. ಏನೂ ಆಗದ್ದಕ್ಕೆ ಯಾರೂ ಬಂದು ಥ್ಯಾಂಕ್ಸ್ ಹೇಳುವುದಿಲ್ಲ. ಮಾರನೇ ದಿನ ಅಂಗಡಿ ಕಟ್ಟೆಯಲ್ಲಿ, ಈ ಸಲ ಮಳೆ ಅಷ್ಟೇನೂ ಜೋರಿರಲಿಲ್ಲ, ಅಂದರಂತೆ. ನನಗೆ ಮೈ ಉರಿದುಹೋಯಿತು.

“ಓಗ್ಲಿ ಬಿಡೇ” ಎಂದಳು ಅಕ್ಕ. ಇಟ್ಟಿಗೆಗಳನ್ನು ಮತ್ತೆ ಹಿತ್ತಲಿಗೆ ಹೊತ್ತುಹಾಕಿದಳು.

ಆಮೇಲೆ ಮಳೆ ಬಿಟ್ಟು ಬಿಟ್ಟು ಬರುತ್ತಲೇ ಇತ್ತು. ಗೌರಿ ಹಬ್ಬಕ್ಕೆ ಇನ್ನೂ ಕೆಲವು ದಿನವಿರುವಾಗ ಒಂದು ಭಾನುವಾರ ಬೆಳಕು ಹರಿಯುವ ಹೊತ್ತು, ನಾನು ಅಕ್ಕನ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದೆ. ಮುಂದಿನ ಕೋಣೆಯಿಂದ ಭಾವನ ದನಿ ಬಂತು.

“ಕೋಡಿ.”

ಗ್ಯಾಸ್ ಆರಿಸಿ ಹೋದೆ. ಅಕ್ಕ ಆಗಲೇ ಮಂಚದ ಪಕ್ಕ ನಿಂತಿದ್ದಳು. ಭಾವನ ಕಣ್ಣು ಕಿಟಕಿಯ ಮೇಲಿತ್ತು. “ಕೋಡಿ” ಎಂದು ಇನ್ನೊಂದು ಸಲ ಅಂದರು, ಸ್ವಲ್ಪ ಜೋರಾಗಿ. ಆಗ ನಮಗೂ ಕೇಳಿಸಿತು. ವರ್ಷಗಳಿಂದ ಕೇಳುತ್ತಿದ್ದ ನಲ್ಲಿ ಸೋರಿದಂಥ ಸದ್ದಲ್ಲ ಅದು. ಚಿಕ್ಕಂದಿನಲ್ಲಿ ಹಾಸಿಗೆಗೆ ಬರುತ್ತಿದ್ದ ಸದ್ದು. ಕೆರೆ ಈ ಸಲ ಮಳೆಯಿಂದಲೇ ತುಂಬಿತ್ತು.

ಅಕ್ಕ ಅಟ್ಟದಿಂದ ಮೊರ ಇಳಿಸಿ ತೊಳೆದಳು. ಅರಿಶಿನ, ಕುಂಕುಮ, ಬಳೆ, ಅಕ್ಕಿ, ಬೇಳೆ. ಬೆಲ್ಲ ಮಾತ್ರ ಅಚ್ಚಿನದಿರಲಿಲ್ಲ, ಡಬ್ಬಿಯಲ್ಲಿದ್ದ ಪುಡಿ ಬೆಲ್ಲವನ್ನೇ ಪೊಟ್ಟಣ ಕಟ್ಟಿದಳು. ಏರಿ ಹತ್ತುವಾಗ ಕೇಳಿದಳು.

“ಮುಂದಿನ ವರ್ಷಕ್ಕೆ ಒಂದಾಳುದ್ದ ಇಳಿಸಿದ್ರೆ ಸಾಕಾ?”

“ಗೊತ್ತಿಲ್ಲ ಅಕ್ಕ.”

“ಅಷ್ಟೊಂದ್ ವರ್ಷ ಹಿಂದಕ್ಕೆ ನೋಡಿದೋಳಿಗೆ ಒಂದ್ ವರ್ಷ ಮುಂದಕ್ಕೆ ಗೊತ್ತಿಲ್ವಾ? ಒಳ್ಳೆ ಓದು ಓದಿದ್ಯ ಬಿಡು.”

ಏರಿಯ ಮೇಲೆ ಆಗಲೇ ಜನ ಸೇರಿದ್ದರು. ರಸ್ತೆ ದಾಟಿದ ಸೋದರತ್ತೆಯ ಸೊಸೆಯೂ ಮೊರ ಹಿಡಿದು ಬಂದಿದ್ದಳು. ಎಲ್ಲರೂ ಅಕ್ಕನಿಗಾಗಿ ಕಾಯುತ್ತಿದ್ದರು. ಅಕ್ಕ ನೀರಿನ ಅಂಚಿಗೆ ಹೋದವಳು ಅಲ್ಲೇ ನಿಂತಳು.

“ಮೊದ್ಲು ಕೆಳಗ್ ನೋಡ್ಕೊಂಡ್ ಬಾ” ಎಂದಳು ನನಗೆ.

ಅಪ್ಪನ ಕಾಲದಲ್ಲಿ ಬಾಗಿನಕ್ಕೆ ಮುಂಚೆ ಕೆಳಗೆ ನೋಡುವ ಪದ್ಧತಿ ಇರಲಿಲ್ಲ. ನಾನು ಏರಿಯ ಇನ್ನೊಂದು ಬದಿಗೆ ಹೋಗಿ ನೋಡಿದೆ. ಕೋಡಿಯ ನೀರು ಕಾಲುವೆಯೊಳಗೇ ಹೋಗುತ್ತಿತ್ತು. ಬೀದಿ ಒದ್ದೆಯಾಗಿತ್ತು, ಅಷ್ಟೇ. ಯಾರೋ ಮನೆ ಮುಂದೆ ರಂಗೋಲಿ ಹಾಕುತ್ತಿದ್ದರು. ಅಕ್ಕನ ಮನೆಯ ಕಿಟಕಿ ತೆರೆದಿತ್ತು. ಬಂದು ಹೇಳಿದೆ. ಆಗ ಅವಳು ಬಾಗಿನ ಬಿಟ್ಟಳು. ಮೊರ ಸ್ವಲ್ಪ ದೂರ ತೇಲಿ ಮುಳುಗಿತು.

ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬರುವಾಗ ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಪಕ್ಕಕ್ಕೆ ಬಂದಳು.

“ಕಾಲುವೆ ನೀರ್ ಇಳಿದ್ ಮೇಲೆ ತೂಬು ಎತ್ತಕ್ಕೆ ಹೇಳು ಎಂಜಿನಿಯರ್‌ಗೆ. ಇನ್ನೊಂದ್ ಮಳೆಗೆ ಜಾಗ ಬೇಕು” ಎಂದಳು. ಕೋಡಿಯ ಕಡೆ ನೋಡಿ ಹೇಳಿದಳು, “ಕೋಡಿ ಬಿದ್ದಾಯ್ತಲ್ಲ. ಈಗ ಅಪ್ಪಾನೂ ಬೇಡ ಅನ್ನಲ್ಲ.”